ಲಿಬ್ರೆಆಫೀಸ್‌ಗೆ ಬರುವವರಿಗೆ ಹತ್ತು ಸೂತ್ರಗಳು

2025ರ ಜುಲೈ ಕೊನೆಯಲ್ಲಿ ನಯಾರಾ ಎನರ್ಜಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ನಡೆಸುವ ಕಂಪನಿ ಅದು. ತಕರಾರು ಮಾತ್ರ ಎಣ್ಣೆಯ ಬಗ್ಗೆ ಇರಲಿಲ್ಲ. ರಷ್ಯಾದ ಪಾಲುದಾರಿಕೆ ಇದೆಯೆಂದು ಯುರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಬೆನ್ನಿಗೇ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಲೈಸೆನ್ಸಿಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ, ಆದರೂ ನಮ್ಮದೇ ಮಾಹಿತಿ ನಮ್ಮ ಕೈಗೆ ಸಿಗುತ್ತಿಲ್ಲ ಎಂಬುದು ಕಂಪನಿಯ ಅಳಲು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಆದರೆ ಆ ಕೆಲವು ದಿನ ಅನೇಕ ಕಚೇರಿಗಳಿಗೆ ಹೊಸದೊಂದು ಪ್ರಶ್ನೆ ಹುಟ್ಟಿಸಿತು: ನಾವು ಬರೆದ ಪತ್ರ, ನಾವು ಹಾಕಿದ ಲೆಕ್ಕ ಯಾರ ಕೈಯಲ್ಲಿದೆ?

ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಅದಕ್ಕೂ ಮೊದಲೇ, 2024ರ ಏಪ್ರಿಲ್‌ನಲ್ಲಿ, ತನ್ನ 30,000 ಸರ್ಕಾರಿ ಕಂಪ್ಯೂಟರುಗಳನ್ನು ಲಿಬ್ರೆಆಫೀಸ್ ಎಂಬ ಮುಕ್ತ, ಪುಕ್ಕಟೆ ಆಫೀಸ್ ತಂತ್ರಾಂಶಕ್ಕೆ ಬದಲಿಸುವುದಾಗಿ ಘೋಷಿಸಿತ್ತು. ಡೆನ್ಮಾರ್ಕಿನ ಡಿಜಿಟಲ್ ಸಚಿವಾಲಯ, ಆಸ್ಟ್ರಿಯಾದ ಸೇನೆಯೂ ಅದೇ ದಾರಿ ಹಿಡಿದವು. ನಮ್ಮಲ್ಲೂ ಶಾಲೆ, ಸಹಕಾರ ಸಂಘ, ವಕೀಲರ ಕಚೇರಿ, ಸಣ್ಣ ಪ್ರಕಾಶನಗಳು ಯೋಚಿಸುತ್ತಿವೆ. ಡೌನ್‌ಲೋಡ್ ಮಾಡಲು ಹತ್ತು ನಿಮಿಷ ಸಾಕು. ಮಾಡಿಕೊಂಡವರಲ್ಲಿ ಎಷ್ಟೋ ಮಂದಿ ತಿಂಗಳೊಳಗೆ ವಾಪಸ್ ಹೋಗುತ್ತಾರೆ, ಯಾಕೆಂದರೆ ಕೆಲಸ ಶುರುವಾಗುವುದೇ ಡೌನ್‌ಲೋಡ್ ಮುಗಿದ ಮೇಲೆ. ವಾಪಸ್ ಹೋಗದಿರಲು ಈ ಸೂತ್ರಗಳು.

1. ಉಳಿತಾಯವೊಂದನ್ನೇ ಕಾರಣ ಮಾಡಿಕೊಳ್ಳಬೇಡಿ

ಈ ತಂತ್ರಾಂಶದ ಇತಿಹಾಸದಲ್ಲೇ ಇದಕ್ಕೆ ಪಾಠವಿದೆ. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಕಂಪನಿಯನ್ನು 7.35 ಕೋಟಿ ಡಾಲರಿಗೆ ಕೊಂಡಿತು. ಆಗ ಸನ್‌ನಲ್ಲಿ ಹತ್ತಿರ ಹತ್ತಿರ 42,000 ನೌಕರರಿದ್ದರು. ಅಷ್ಟೂ ಜನರಿಗೆ ಮೈಕ್ರೋಸಾಫ್ಟ್ ಲೈಸೆನ್ಸ್ ಕೊಳ್ಳುವುದಕ್ಕಿಂತ ಆಫೀಸ್ ತಂತ್ರಾಂಶ ಮಾಡುವ ಕಂಪನಿಯನ್ನೇ ಕೊಳ್ಳುವುದು ಅಗ್ಗವಾಗಿತ್ತೆಂದು ಸನ್‌ನಲ್ಲಿ ಕೆಲಸ ಮಾಡಿದ ಸೈಮನ್ ಫಿಪ್ಸ್ ಮುಂದೆ ಹೇಳಿದ್ದಾರೆ. 2000ದಲ್ಲಿ ಸೋರ್ಸ್ ಕೋಡ್ ಎಲ್ಲರಿಗೂ ತೆರೆಯಿತು, ಲಿಬ್ರೆಆಫೀಸಿನ ಪೂರ್ವಜ ಓಪನ್‌ಆಫೀಸ್ ಹುಟ್ಟಿತು. ಸರಿ. ಹತ್ತು ವರ್ಷದ ಮೇಲೆ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಹೊಸ ಧಣಿಯ ಲೆಕ್ಕದ ಪುಸ್ತಕದಲ್ಲಿ ಪುಕ್ಕಟೆ ಆಫೀಸಿಗೆ ಜಾಗ ಸಿಗಲಿಲ್ಲ. ಲೆಕ್ಕದಿಂದ ಬಂದದ್ದು ಲೆಕ್ಕದಿಂದಲೇ ಹೋಯಿತು.

ಕಚೇರಿಗಳಲ್ಲೂ ಇದೇ ಆಗುತ್ತದೆ. 'ದುಡ್ಡು ಉಳಿಯುತ್ತದೆ' ಎಂದು ಬದಲಾದವರು ಎದುರಿನವನು ಒಳ್ಳೆಯ ರಿಯಾಯಿತಿ ಕೊಟ್ಟ ದಿನವೇ ಮರಳುತ್ತಾರೆ. ಫೈಲು ನಮ್ಮ ಕೈಯಲ್ಲಿರಬೇಕು, ನಾಳೆ ಯಾರ ಅಪ್ಪಣೆಯೂ ಇಲ್ಲದೆ ತೆರೆಯಬೇಕು ಎನ್ನುವುದು ಗಟ್ಟಿ ಕಾರಣ. ಉಳಿದ ಹಣದಲ್ಲಿ ಅರ್ಧವನ್ನು ಮೊದಲ ವರ್ಷದ ತರಬೇತಿಗೆ ಎತ್ತಿಡಿ.

2. ತಂತ್ರಾಂಶಕ್ಕಿಂತ ಮೊದಲು ಫೈಲಿನ ಬಗೆ ತೀರ್ಮಾನಿಸಿ

ಒಂದು ಪ್ರಯೋಗ ಮಾಡಿ. ಲಿಬ್ರೆಆಫೀಸ್ ರೈಟರ್‌ನಲ್ಲಿ ಎರಡು ಸಾಲು ಕನ್ನಡ ಬರೆದು ಓಡಿಟಿ ಫೈಲಾಗಿ ಉಳಿಸಿ. ಫೈಲಿನ ಹೆಸರಿನ ಕೊನೆಯಲ್ಲಿರುವ 'ಓಡಿಟಿ'ಯನ್ನು 'ಜಿಪ್' ಎಂದು ಬದಲಿಸಿ ಬಿಚ್ಚಿ. ಒಳಗೆ ಹಲವು ಸಣ್ಣ ಫೈಲುಗಳಿರುತ್ತವೆ. ಅವುಗಳಲ್ಲಿ 'ಕಂಟೆಂಟ್' ಎಂಬ ಎಕ್ಸ್‌ಎಂಎಲ್ ಫೈಲನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೆ, ಗುರುತುಪಟ್ಟಿಗಳ ನಡುವೆ ನೀವು ಬರೆದ ಕನ್ನಡ ಹಾಗೇ ಕಾಣುತ್ತದೆ. ನಾಳೆ ಲಿಬ್ರೆಆಫೀಸ್ ಎಂಬುದೇ ಇಲ್ಲವಾದರೂ ಆ ಬರಹವನ್ನು ಹೊರತೆಗೆಯಬಹುದು.

ಓಡಿಟಿ ಸೇರಿದ ಈ ಓಡಿಎಫ್ ಮಾದರಿ 2006ರಿಂದ ಐಎಸ್ಒ ಮಾನಕ. ಮೈಕ್ರೋಸಾಫ್ಟಿನ ಪ್ರತಿಸ್ಪರ್ಧಿ ಮಾದರಿಗೂ 2008ರಲ್ಲಿ ಅದೇ ಮುದ್ರೆ ಬಿತ್ತು, ಭಾರಿ ಜಗಳದ ನಡುವೆ. ಆ ಮತದಾನದಲ್ಲಿ ಭಾರತದ ಮಾನಕ ಬ್ಯೂರೋ ಬೇಡ ಎಂದಿತ್ತು, ಕೊನೆಯವರೆಗೂ ಆ ನಿಲುವು ಬದಲಿಸಲಿಲ್ಲ. ಇದು ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಬ್ರಿಟನ್ ಸರ್ಕಾರ 2014ರಲ್ಲಿ ಓಡಿಎಫ್ ಅನ್ನು ತನ್ನ ಕಚೇರಿಗಳ ಮಾದರಿಯಾಗಿ ಆರಿಸಿಕೊಂಡಿತು.

ಕಚೇರಿಯ ನಿಯಮ ಸರಳವಾಗಿರಲಿ: ಮೂಲಪ್ರತಿ ಓಡಿಎಫ್‌ನಲ್ಲಿ, ಹೊರಗೆ ಕಳಿಸುವುದು ಪಿಡಿಎಫ್‌ನಲ್ಲಿ, ಎದುರಿನವರು ತಿದ್ದಬೇಕಿದ್ದರೆ ಮಾತ್ರ ವರ್ಡ್‌ನ ಡಾಕ್ಸ್ ಮಾದರಿಯಲ್ಲಿ. ಇನ್ನೊಂದು ಉಪಾಯವಿದೆ, ಬಳಸುವವರು ಕಡಿಮೆ. ಪಿಡಿಎಫ್ ಮಾಡುವಾಗ 'ಹೈಬ್ರಿಡ್ ಪಿಡಿಎಫ್' ಎಂಬ ಚೌಕಕ್ಕೆ ಗುರುತು ಹಾಕಿದರೆ ಓಡಿಎಫ್ ಮೂಲ ಅದರೊಳಗೇ ಕೂರುತ್ತದೆ. ನೋಡುವವರಿಗೆ ಪಿಡಿಎಫ್, ಲಿಬ್ರೆಆಫೀಸ್‌ನಲ್ಲಿ ತೆರೆದವರಿಗೆ ತಿದ್ದಬಹುದಾದ ಪತ್ರ.

3. ಹಳೆಯ ಕನ್ನಡ ಫೈಲುಗಳನ್ನು ಮೊದಲು ಯೂನಿಕೋಡಿಗೆ ತನ್ನಿ

ಕರ್ನಾಟಕದ ಕಚೇರಿಗಳು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲೋಣ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಫೈಲುಗಳಲ್ಲಿ ನಿಜಕ್ಕೂ ಕನ್ನಡ ಇಲ್ಲ. ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷ ಹಾಕಲಾಗಿದೆ. ಆ ಫಾಂಟ್ ಇರುವ ಯಂತ್ರದಲ್ಲಿ ಎಲ್ಲ ಚೆನ್ನ. ಹೊಸ ಯಂತ್ರಕ್ಕೆ ಲಿಬ್ರೆಆಫೀಸ್ ಹಾಕಿ ಅದೇ ಫೈಲು ತೆರೆದರೆ, ತಲೆಯ ಮೇಲೆ ಗೆರೆ-ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು. ತಪ್ಪು ಫಾಂಟಿನದು, ಬೈಗುಳ ಲಿಬ್ರೆಆಫೀಸಿಗೆ. 'ಇದರಲ್ಲಿ ಕನ್ನಡ ಬರೋದಿಲ್ಲ ಸಾರ್' ಎಂಬ ಮಾತು ಒಮ್ಮೆ ಕಚೇರಿಯಲ್ಲಿ ಹಬ್ಬಿತೆಂದರೆ ಆಮೇಲೆ ಯಾವ ತರಬೇತಿಯೂ ಅದನ್ನು ಅಳಿಸಲಾರದು.

ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬಳಸಿ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಪರಿವರ್ತನೆಯಾದ ಪುಟದಲ್ಲಿ ಮೂರು ಜಾಗ ನೋಡಿ. ಒಂದು, ಅರ್ಕಾವತ್ತು: 'ಕಾರ್ಯದರ್ಶಿ', 'ವರ್ಗ' ಸರಿಯಾಗಿ ಬಂದಿವೆಯೇ? ಎರಡು, ಒತ್ತಕ್ಷರದ ಮೇಲೆ ಒತ್ತಕ್ಷರ: 'ಸ್ವಾತಂತ್ರ್ಯ', 'ರಾಷ್ಟ್ರೀಯ'. ಮೂರು, ಹೆಸರುಗಳು: 'ರಾಜ್‌ಕುಮಾರ್' ಎಂಬಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. ಅದು ಬಿಟ್ಟುಹೋದರೆ ಕಕಾರ ಜಕಾರದ ಕೆಳಗೆ ಒತ್ತಾಗಿ ಇಳಿದು 'ರಾಜ್ಕುಮಾರ್' ಆಗುತ್ತದೆ. ಮತದಾರರ ಪಟ್ಟಿಯಲ್ಲೋ ಪಹಣಿಯಲ್ಲೋ ಹೀಗಾದರೆ ಹುಡುಕಿದಾಗ ಹೆಸರೇ ಸಿಗುವುದಿಲ್ಲ.

ಆಮೇಲೆ ಲಿಬ್ರೆಆಫೀಸ್ ಒಳಗಿನ ಒಂದು ಸೆಟ್ಟಿಂಗ್. ಟೂಲ್ಸ್, ಆಪ್ಶನ್ಸ್, ಅಲ್ಲಿಂದ ಭಾಷೆಗಳ ವಿಭಾಗಕ್ಕೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎದುರು ಕನ್ನಡ ಆರಿಸಿ. ಈ ತಂತ್ರಾಂಶ ಇಂಗ್ಲಿಷಿಗೆ ಒಂದು ಫಾಂಟ್, ನಮ್ಮಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಇದು ತಿಳಿಯದವರು ಶೈಲಿಯಲ್ಲಿ ಇಂಗ್ಲಿಷಿನ ಅಳತೆ ಹಿಗ್ಗಿಸುತ್ತಾರೆ, ಕನ್ನಡ ಇದ್ದಲ್ಲೇ ಇರುತ್ತದೆ. 'ಬೇಸಿಕ್ ಫಾಂಟ್ಸ್ ಸಿಟಿಎಲ್' ಪುಟದಲ್ಲಿ ನೋಟೋ ಅಥವಾ ಲೋಹಿತ್ ಕನ್ನಡವನ್ನು ಒಮ್ಮೆ ಕೂರಿಸಿಬಿಟ್ಟರೆ ದಿನಾ ಒದ್ದಾಡುವುದು ತಪ್ಪುತ್ತದೆ.

ಹತ್ತು ವರ್ಷದ ಹಿಂದೆ ಪ್ರಯತ್ನಿಸಿ ಕೈಬಿಟ್ಟವರಿಗೆ ಒಂದು ಮಾತು. 2017ರ 5.3ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸ ಎಲ್ಲ ಕಾರ್ಯವ್ಯವಸ್ಥೆಗಳಲ್ಲೂ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್‌ನದು. ವಿಂಡೋಸ್‌ನಲ್ಲಿ ಒಂದು ರೂಪ, ಲಿನಕ್ಸ್‌ನಲ್ಲಿ ಮತ್ತೊಂದು ರೂಪ ಎಂಬ ಹಳೆಯ ಕಾಟ ಆಗಲೇ ಬಹುಪಾಲು ತೀರಿತು. ಮತ್ತೊಮ್ಮೆ ನೋಡಿ.

4. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ

ಮ್ಯೂನಿಕ್ ನಗರಾಡಳಿತದ ಕತೆ ಈ ವಲಯದಲ್ಲಿ ಎಲ್ಲರ ಬಾಯಲ್ಲೂ ಇದೆ. 2000ದ ದಶಕದ ಆರಂಭದಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿದರು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳು ಬದಲಾದವು. ಪತ್ರಗಳ ನಮೂನೆ ನಿಭಾಯಿಸಲು ವೋಲ್‌ಮಕ್ಸ್ ಎಂಬ ತಮ್ಮದೇ ಉಪಕರಣ ಕಟ್ಟಿಕೊಂಡರು. ಎಂಜಿನಿಯರುಗಳು ಗೆದ್ದಿದ್ದರು. ಆದರೂ 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. 2020ರಲ್ಲಿ ಹೊಸ ಮೈತ್ರಿಕೂಟ ಬಂದು ಮತ್ತೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂದಿತು! ನನ್ನ ಲೆಕ್ಕದಲ್ಲಿ ಅಲ್ಲಿ ಸೋತದ್ದು ತಂತ್ರಾಂಶವಲ್ಲ. ಕಾರ್ಯವ್ಯವಸ್ಥೆ, ಆಫೀಸ್, ನಮೂನೆ, ಪ್ರಿಂಟರ್ ಎಲ್ಲದರ ಸಿಟ್ಟೂ ಒಂದೇ ಹೆಸರಿನ ಮೇಲೆ ಬಿತ್ತು, ಆಡಳಿತ ಬದಲಾದಾಗ ಅದನ್ನು ಕಾಯಲು ಯಾರೂ ಇರಲಿಲ್ಲ.

ಶ್ಲೆಸ್ವಿಗ್-ಹೋಲ್‌ಸ್ಟೈನ್ ಇದನ್ನು ನೋಡಿ ಕಲಿತಿದೆ. ವಿಂಡೋಸ್ ಇದ್ದಂತೆಯೇ ಮೊದಲು ಆಫೀಸ್, ಆಮೇಲೆ ಇಮೇಲ್, ಲಿನಕ್ಸ್ ಅದರ ನಂತರ. ನೀವೂ ಹಾಗೇ ಮಾಡಿ. ಒಂದೇ ಯಂತ್ರದಲ್ಲಿ ಎರಡೂ ಆಫೀಸ್‌ಗಳು ಜಗಳವಾಡದೆ ಇರುತ್ತವೆ. ಮೊದಲ ತಿಂಗಳು ಹೊಸ ಪತ್ರಗಳು ಮಾತ್ರ ಲಿಬ್ರೆಆಫೀಸ್‌ನಲ್ಲಿ. ಹಳೆಯವು ಇದ್ದಲ್ಲೇ ಇರಲಿ.

5. ಮ್ಯಾಕ್ರೋ ಇರುವ ಎಕ್ಸೆಲ್ ಫೈಲುಗಳನ್ನು ಮೊದಲೇ ಪಟ್ಟಿ ಮಾಡಿ

ಪತ್ರ ಬರೆಯುವವರಿಗೆ ಒಂದು ವಾರದಲ್ಲಿ ರೂಢಿಯಾಗುತ್ತದೆ. ಲೆಕ್ಕ ವಿಭಾಗದವರಿಗೆ ಆಗುವುದಿಲ್ಲ, ಅವರನ್ನು ಬೈಯುವುದೂ ಸರಿಯಲ್ಲ. ಯಾರೋ ಎಂದೋ ಬರೆದುಕೊಟ್ಟ ಮ್ಯಾಕ್ರೋ ಮೇಲೆ ಸಂಬಳದ ಪಟ್ಟಿ ನಿಂತಿರುತ್ತದೆ. ಎಕ್ಸೆಲ್‌ನ ಮ್ಯಾಕ್ರೋ ಭಾಷೆಯನ್ನು ಲಿಬ್ರೆಆಫೀಸಿನ ಲೆಕ್ಕದ ತಂತ್ರಾಂಶ ಕ್ಯಾಲ್ಕ್ ಒಂದು ಮಟ್ಟಿಗೆ ಅರ್ಥಮಾಡಿಕೊಳ್ಳುತ್ತದೆ, ಪೂರ್ತಿಯಾಗಿ ಅಲ್ಲ. ಅಂಥ ಫೈಲುಗಳಿಗೆ ಒಂದೋ ಎರಡೋ ಯಂತ್ರದಲ್ಲಿ ಎಕ್ಸೆಲ್ ಉಳಿಸಿಕೊಳ್ಳಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ.

6. ಪುಟ ಜಾರಿದರೆ ಫಾಂಟ್ ನೋಡಿ

ವರ್ಡ್‌ನಲ್ಲಿ ಒಂದೇ ಪುಟವಿದ್ದ ಪತ್ರ ಇಲ್ಲಿ ಎರಡನೆಯ ಪುಟಕ್ಕೆ ಇಳಿದರೆ ಹತ್ತರಲ್ಲಿ ಎಂಟು ಸಲ ಕಾರಣ ಫಾಂಟ್. ಕ್ಯಾಲಿಬ್ರಿಗೆ ಬದಲು ಕಾರ್ಲಿಟೋ, ಏರಿಯಲ್ ಮತ್ತು ಟೈಮ್ಸ್‌ಗೆ ಬದಲು ಲಿಬರೇಷನ್ ಫಾಂಟುಗಳು ಅಕ್ಷರದ ಅಗಲವನ್ನು ಕರಾರುವಾಕ್ಕಾಗಿ ಹೊಂದಿಸಿ ಮಾಡಿದವು. ಅವು ಇವೆಯೇ ನೋಡಿಕೊಳ್ಳಿ. ಮೆನು ಕಂಡು ಗಾಬರಿಯಾಗುವವರಿಗೆ ವ್ಯೂ ಮೆನುವಿನ 'ಯೂಸರ್ ಇಂಟರ್‌ಫೇಸ್'ನಲ್ಲಿ 'ಟ್ಯಾಬ್ಡ್' ಆರಿಸಿಕೊಡಿ. ವರ್ಡ್‌ನ ಪಟ್ಟಿಯಂತೆಯೇ ಕಾಣುತ್ತದೆ, ಅರ್ಧ ದೂರು ಅಲ್ಲೇ ನಿಲ್ಲುತ್ತದೆ.

7. ಹೆಸರು ನೋಡಿ ಡೌನ್‌ಲೋಡ್ ಮಾಡಬೇಡಿ, ದುಡಿಯುವ ಕೈಗಳನ್ನು ನೋಡಿ

ಈಗಲೂ ಅನೇಕರು 'ಓಪನ್‌ಆಫೀಸ್' ಎಂದು ಹುಡುಕಿ ಅದನ್ನೇ ಹಾಕಿಕೊಳ್ಳುತ್ತಾರೆ. ಹೆಸರು ಪ್ರಸಿದ್ಧ, ಆದರೆ ಅದರ 4.1ನೇ ಆವೃತ್ತಿ ಬಂದದ್ದು 2014ರಲ್ಲಿ. ಅಲ್ಲಿಂದಾಚೆಗೆ ತೇಪೆಯ ಕೆಲಸ ಮಾತ್ರ ನಡೆದಿದೆ. ಡಾಕ್ಸ್ ಫೈಲನ್ನು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸಲು ಬರುವುದಿಲ್ಲ.

ಕವಲೊಡೆದದ್ದು ಹೀಗೆ. 1985ರಲ್ಲಿ ಜರ್ಮನಿಯ ಲೂನೆಬುರ್ಗ್‌ನಲ್ಲಿ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಕಟ್ಟಿದ ಕಂಪನಿಯೇ ಸ್ಟಾರ್ ಡಿವಿಷನ್. ಅಲ್ಲಿಂದ ಸನ್, ಸನ್‌ನಿಂದ ಒರಾಕಲ್. ಒರಾಕಲ್‌ನ ಮೌನ ಕಂಡು ಬೇಸತ್ತ ಸಮುದಾಯ 2010ರ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಷನ್ ಘೋಷಿಸಿತು, ಕೋಡಿನ ಪ್ರತಿ ಎತ್ತಿಕೊಂಡು ಲಿಬ್ರೆಆಫೀಸ್ ಎಂದು ಹೆಸರಿಟ್ಟಿತು. ಜರ್ಮನಿಯಲ್ಲಿ ಪ್ರತಿಷ್ಠಾನ ನೋಂದಾಯಿಸಲು 50,000 ಯೂರೋ ಮೂಲಧನ ಬೇಕಿತ್ತು. ಜನರ ಮುಂದೆ ಕೈಚಾಚಿದರು. ಎಂಟು ದಿನಕ್ಕೆ ಕೂಡಿತು. 2012ರಲ್ಲಿ ಬರ್ಲಿನ್‌ನಲ್ಲಿ ನೋಂದಣಿಯಾಯಿತು. ಒರಾಕಲ್ ತನ್ನ ಬಳಿ ಉಳಿದ ಓಪನ್‌ಆಫೀಸ್ ಹೆಸರನ್ನೂ ಕೋಡನ್ನೂ 2011ರಲ್ಲಿ ಅಪಾಚೆ ಸಂಸ್ಥೆಗೆ ಕೊಟ್ಟು ಕೈತೊಳೆದುಕೊಂಡಿತು.

ಹೆಸರು ಅಲ್ಲಿ ಉಳಿಯಿತು, ಕೆಲಸಗಾರರು ಇಲ್ಲಿಗೆ ಬಂದರು. ಯಾಕೆ ಬಂದರು ಎಂಬುದಕ್ಕೂ ಕಾರಣವಿದೆ. ಸನ್ ಕಾಲದಲ್ಲಿ ಕೋಡ್ ಕೊಡುವವರು ಅದರ ಹಕ್ಕನ್ನು ಕಂಪನಿಯ ಜತೆ ಹಂಚಿಕೊಳ್ಳಲು ಸಹಿ ಹಾಕಬೇಕಿತ್ತು. ಹೊಸ ಮನೆಯಲ್ಲಿ ಆ ಸಹಿ ಇಲ್ಲ, ಬರೆದವರ ಹಕ್ಕು ಬರೆದವರದೇ. ಆದ್ದರಿಂದ ಲಿಬ್ರೆಆಫೀಸನ್ನು ಇಡಿಯಾಗಿ ಯಾರಿಗೂ ಮಾರಲು ಬರುವುದಿಲ್ಲ. ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಹಳೆಯ ಕೋಡಿನೊಳಗಿನ ಟಿಪ್ಪಣಿಗಳಲ್ಲಿ ಎಷ್ಟೋ ಜರ್ಮನ್‌ನಲ್ಲಿದ್ದವು. ಹೊಸಬರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಸ್ವಯಂಸೇವಕರು ವರ್ಷಗಟ್ಟಲೆ ಕೂತು ಅವನ್ನು ಸಾಲುಸಾಲಾಗಿ ಇಂಗ್ಲಿಷಿಗೆ ತಂದರು. ಯಾರೂ ಚಪ್ಪಾಳೆ ತಟ್ಟದ ಕೆಲಸ ಅದು, ಆಮೇಲೆ ಬಂದ ಹುಡುಗ ಹುಡುಗಿಯರು ಒಳಹೊಕ್ಕದ್ದು ಅದೇ ಬಾಗಿಲಿನಿಂದ.

8. ಸ್ವದೇಶಿ ಎಂದಾಕ್ಷಣ ಮುಕ್ತ ಎಂದುಕೊಳ್ಳಬೇಡಿ

2025ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಜೊಹೊ ಆಫೀಸ್ ಬಳಸಲು ಸೂಚಿಸಿತು. ತಮಿಳುನಾಡಿನಲ್ಲಿ ಬೆಳೆದ ಕಂಪನಿ, ಒಳ್ಳೆಯ ತಂತ್ರಾಂಶ, ಹೆಮ್ಮೆಪಡಬಹುದು. ಆದರೆ ಅದರ ಸೋರ್ಸ್ ಕೋಡ್ ಮುಚ್ಚಿಯೇ ಇದೆ. ಬೀಗದ ಕೈ ಹೊರದೇಶದಿಂದ ನಮ್ಮ ದೇಶಕ್ಕೆ ಬಂದಿದೆ, ನಿಮ್ಮ ಕಚೇರಿಗೆ ಬಂದಿಲ್ಲ. ಬಳಸುವುದಾದರೆ ಬಳಸಿ, ತಿಂಗಳಿಗೊಮ್ಮೆ ಎಲ್ಲ ಫೈಲುಗಳ ಪ್ರತಿಯನ್ನು ಓಡಿಎಫ್‌ನಲ್ಲಿ ಇಳಿಸಿಟ್ಟುಕೊಳ್ಳಿ.

ಒಂದೇ ಪತ್ರವನ್ನು ನಾಲ್ವರು ಏಕಕಾಲಕ್ಕೆ ತಿದ್ದುವ ಸೌಲಭ್ಯದಲ್ಲಿ ಲಿಬ್ರೆಆಫೀಸ್ ಹಿಂದುಳಿದಿದೆ ಎಂಬುದು ನಿಜ. ಡೆಸ್ಕ್‌ಟಾಪಿನಲ್ಲಿ ಹುಟ್ಟಿದ ತಂತ್ರಾಂಶ, ಆ ಭಾರ ಇನ್ನೂ ಹೊತ್ತಿದೆ. ಅದೇ ಕೋಡಿನ ಮೇಲೆ ಕಟ್ಟಿದ ಕೊಲಾಬೊರಾ ಆನ್‌ಲೈನ್ 2016ರಿಂದ ಇದೆ. ಫೈಲು ಹಂಚಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ತಂತ್ರಾಂಶದ ಜತೆ ಸೇರಿಸಿ ನಿಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಜರ್ಮನ್ ಸರ್ಕಾರದ ಓಪನ್‌ಡೆಸ್ಕ್ ಯೋಜನೆಯಲ್ಲಿರುವುದೂ ಇದೇ. ಮುಂದಿನ ಹತ್ತು ವರ್ಷದ ಪೈಪೋಟಿ ನಡೆಯುವುದು ಬ್ರೌಸರಿನೊಳಗೆ. ಅಲ್ಲಿ ಮುಕ್ತ ತಂತ್ರಾಂಶ ಗೆಲ್ಲುತ್ತದೋ ಇಲ್ಲವೋ ಎಂಬುದು ಸರ್ವರ್ ನೋಡಿಕೊಳ್ಳುವ ಜನ ಊರೂರಲ್ಲಿ ಸಿಗುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

9. ಪುಕ್ಕಟೆ ಸಿಕ್ಕಿದ್ದಕ್ಕೂ ದುಡ್ಡು ಕೊಡಿ

ಸ್ವಯಂಸೇವಕರೇ ಎಲ್ಲ ಮಾಡುತ್ತಾರೆ ಎಂಬುದು ಚಂದದ ಕಲ್ಪನೆ. ಲಕ್ಷಾಂತರ ಸಾಲಿನ ಈ ಕೋಡಿನ ಕಠಿಣ ಭಾಗವನ್ನು ಬರೆಯುವವರು ಹೆಚ್ಚಾಗಿ ಸಂಬಳದ ಎಂಜಿನಿಯರುಗಳು. ಲಿನಕ್ಸ್ ಕಂಪನಿ ಸುಸೆ ತನ್ನ ಲಿಬ್ರೆಆಫೀಸ್ ತಂಡವನ್ನು 2013ರಲ್ಲಿ ಕೊಲಾಬೊರಾ ಕಂಪನಿಗೆ ಬಿಟ್ಟುಕೊಟ್ಟಿತು. ಬಹುಕಾಲ ದುಡಿದ ರೆಡ್ ಹ್ಯಾಟ್ ಕೂಡ 2023ರಲ್ಲಿ ತನ್ನ ಮುಂದಿನ ಲಿನಕ್ಸ್ ಆವೃತ್ತಿಗಳಿಗೆ ಇದನ್ನು ಕಟ್ಟಿಕೊಡುವ ಹೊಣೆಯಿಂದ ಹಿಂದೆ ಸರಿಯಿತು. ಸಂಬಳ ಕೊಡುವ ಕೈಗಳು ಕಡಿಮೆಯಾಗುತ್ತಿವೆ. ಈ ತಂತ್ರಾಂಶದ ಭವಿಷ್ಯಕ್ಕೆ ಮೈಕ್ರೋಸಾಫ್ಟಿಗಿಂತ ದೊಡ್ಡ ಅಪಾಯ ಇದೇ ಎಂದು ನನ್ನ ಅಭಿಪ್ರಾಯ.

ನೂರು ಯಂತ್ರವಿರುವ ಸಂಸ್ಥೆ ಬೆಂಬಲದ ಒಪ್ಪಂದ ಮಾಡಿಕೊಳ್ಳಲಿ. ಸಣ್ಣವರು ವರ್ಷಕ್ಕೊಮ್ಮೆ ಕೈಲಾದಷ್ಟು ದೇಣಿಗೆ ಕೊಡಲಿ. ಸರ್ಕಾರಿ ಕಚೇರಿಗಳಿಗೆ ದೇಣಿಗೆಯ ಲೆಕ್ಕಶೀರ್ಷಿಕೆ ಇರುವುದಿಲ್ಲ, ಹಾಗಾಗಿ ಟೆಂಡರಿನಲ್ಲೇ 'ಮಾಡಿದ ತಿದ್ದುಪಡಿಯನ್ನು ಮೂಲ ಯೋಜನೆಗೆ ಮರಳಿಸಬೇಕು' ಎಂಬ ಒಂದು ಸಾಲು ಸೇರಿಸಿ. ಆ ಒಂದು ಸಾಲಿನಿಂದ ನಮ್ಮ ತೆರಿಗೆಯ ದುಡ್ಡಿನ ಕೆಲಸ ಎಲ್ಲರಿಗೂ ದಕ್ಕುತ್ತದೆ.

10. ಕನ್ನಡದ ಕೆಲಸ ಕನ್ನಡಿಗರೇ ಮಾಡಬೇಕು

ಲಿಬ್ರೆಆಫೀಸಿಗೆ ಕನ್ನಡ ಮೆನು ಇದೆ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ. ಅನುವಾದದ ಕೆಲಸ ವೆಬ್‌ಲೇಟ್ ಎಂಬ ತಾಣದಲ್ಲಿ ನಡೆಯುತ್ತದೆ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ, ನೋಂದಾಯಿಸಿಕೊಂಡು ಸಾಲಿಗೆ ಸಾಲು ಬರೆದರಾಯಿತು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಯೋಜನಾಕಾರ್ಯ ಯಾವುದಿದೆ?

ಕಾಗುಣಿತ ತಿದ್ದುವ ಸಾಧನ ಇನ್ನೂ ಗಂಭೀರ ವಿಷಯ. ಲಿಬ್ರೆಆಫೀಸ್ ಬಳಸುವ ಹನ್‌ಸ್ಪೆಲ್ ಹುಟ್ಟಿದ್ದೇ ಹಂಗೇರಿಯನ್ ಭಾಷೆಗಾಗಿ. ಲಾಸ್ಲೊ ನೇಮೆತ್ ಎಂಬವರು ಕಟ್ಟಿದ್ದು. ಅದೂ ನಮ್ಮದರ ಹಾಗೆ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುವ ಭಾಷೆ. ಇಂಗ್ಲಿಷಿಗೆಂದು ಮಾಡಿದ ಪದಪಟ್ಟಿ ಅವರಿಗೆ ಸಾಲಲಿಲ್ಲ, ತಾವೇ ಮಾಡಿಕೊಂಡರು. ಇಂದು ಫೈರ್‌ಫಾಕ್ಸ್, ಕ್ರೋಮ್ ಬ್ರೌಸರುಗಳಲ್ಲೂ ಅದೇ ಇದೆ. ಎಂಜಿನ್ ಸಿದ್ಧವಿದೆ. 'ಮನೆಯವರಿಂದಲೇ', 'ಬರುತ್ತಿದ್ದರಂತೆ' ಎಂಬಂಥ ರೂಪಗಳ ನಿಯಮವನ್ನು ಅದಕ್ಕೆ ಹೇಳಿಕೊಡಲು ವ್ಯಾಕರಣ ಬಲ್ಲವರು ಬೇಕು. ನಮ್ಮಲ್ಲಿ ಅಂಥವರಿಗೆ ಕೊರತೆಯಿಲ್ಲ, ಕೇಳಿದವರು ಕಡಿಮೆ.

ಅಷ್ಟು ಪುರುಸೊತ್ತು ಇಲ್ಲದವರು ಇಷ್ಟಾದರೂ ಮಾಡಬಹುದು. ಕನ್ನಡದ ಅಕ್ಷರವೊಂದು ಒಡೆದು ಕಂಡರೆ ಗೊಣಗಿ ಸುಮ್ಮನಾಗಬೇಡಿ. ಆ ಒಂದು ಪದವಿರುವ ಸಣ್ಣ ಫೈಲು, ಹೇಗೆ ಕಾಣಬೇಕಿತ್ತು ಎಂಬುದರ ಚಿತ್ರ, ಆವೃತ್ತಿಯ ಸಂಖ್ಯೆ, ಫಾಂಟಿನ ಹೆಸರು ಇಷ್ಟನ್ನು ಡಾಕ್ಯುಮೆಂಟ್ ಫೌಂಡೇಷನ್‌ನ ದೋಷಗಳ ತಾಣ ಬಗ್‌ಜಿಲ್ಲಾದಲ್ಲಿ ದಾಖಲಿಸಿ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಯಾರೂ ದಾಖಲಿಸದ ದೋಷ ಅದರಲ್ಲೂ ಹಾಗೇ ಇರುತ್ತದೆ.